ಮನೆಯ ಓವನ್ ಒಂದೇ ಸಮನೆ ಕಾಯದಿದ್ದಾಗ

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಸದಸ್ಯರೊಬ್ಬರು ಮಾಡಿದ ಭಾಷಣ. ಕೇಳಿದವರ ಅಪೇಕ್ಷೆಯ ಮೇರೆಗೆ ಅಚ್ಚುಮಾಡಿದೆ.)



ಹೋದ ತಿಂಗಳು ಇದೇ ಮೇಜಿನ ಬಳಿ ನಿಂತು ವಿದ್ವಾಂಸರೊಬ್ಬರು ವಚನ ಸಾಹಿತ್ಯವನ್ನು ಕುರಿತು ಮಾತನಾಡಿದರು. ಅದಕ್ಕೂ ಹಿಂದೆ ಇನ್ನೊಬ್ಬರು ಹಂಪೆಯ ಶಿಲ್ಪದ ವಿಷಯ ಹೇಳಿದರು. ಅಂಥ ಜಾಗದಲ್ಲಿ ನಿಂತು ಅಡಿಗೆಮನೆಯ ಓವನ್ನಿನ ಮಾತೆತ್ತುವುದಕ್ಕೆ ನನಗೆ ಸಂಕೋಚವೇ ಆಗುತ್ತದೆ. ನಾನು ಎಂಜಿನಿಯರನೂ ಅಲ್ಲ, ಅಡಿಗೆಯವನೂ ಅಲ್ಲ; ಮೂವತ್ತೊಂದು ವರ್ಷ ಲೆಕ್ಕದ ಪುಸ್ತಕ ಬರೆದ ಗುಮಾಸ್ತ. ಆದರೆ ನಮ್ಮ ಕಾರ್ಯದರ್ಶಿಗಳು ಬಿಡಲಿಲ್ಲ. "ನಮ್ಮ ಸದಸ್ಯರ ಮನೆಗಳಲ್ಲಿ ಎಷ್ಟೋ ಮಂದಿ ಹೆಣ್ಣುಮಕ್ಕಳು ಕೇಕು, ಬಿಸ್ಕತ್ತು ಮಾಡಿ ಮಾರಿ ಸಂಸಾರಕ್ಕೆ ನೆರವಾಗುತ್ತಿದ್ದಾರೆ. ನೀವು ಪಟ್ಟ ಪಾಡು ಅವರಿಗೆ ತಪ್ಪಲಿ" ಎಂದರು. ಆ ಮಾತಿಗೆ ಎದುರು ಹೇಳಲಾಗಲಿಲ್ಲ.

ಪಟ್ಟ ಪಾಡನ್ನೇ ಮೊದಲು ಹೇಳಿಬಿಡುತ್ತೇನೆ. ಹೇಳಲು ನನ್ನ ತಂಗಿಯ ಅಪ್ಪಣೆ ಪಡೆದಿದ್ದೇನೆ.

ನನ್ನ ತಂಗಿ ಗಂಡ ತೀರಿಕೊಂಡ ಮೇಲೆ ಮಗನನ್ನು ಕರೆದುಕೊಂಡು ಡೊಂಬಿವಲಿಯ ನಮ್ಮ ಮನೆಗೆ ಬಂದಳು. ಅಣ್ಣನ ಮನೆಯಲ್ಲಿ ಕುಳಿತು ಉಣ್ಣುವುದು ಅವಳ ಸ್ವಭಾವಕ್ಕೆ ಒಗ್ಗುವುದಲ್ಲ. ಇದ್ದ ಎರಡು ಬಳೆಗಳಲ್ಲಿ ಒಂದನ್ನು ಮಾರಿ ಒಂದು ವಿದ್ಯುತ್ ಓವನ್ ತಂದಳು. ನಾನಖಟಾಯಿ, ಜೀರಿಗೆ ಬಿಸ್ಕತ್ತು, ರವೆ ಕೇಕು ಮಾಡಿ ಮೊದಲು ನಮ್ಮ ಕಟ್ಟಡದಲ್ಲಿ, ಆಮೇಲೆ ಪಕ್ಕದ ಕಟ್ಟಡಗಳಲ್ಲಿ, ಕೊನೆಗೆ ನನ್ನ ಹಳೆಯ ಆಫೀಸಿನ ಗೆಳೆಯರ ಮನೆಗಳಿಗೆ ಕಳುಹಿಸತೊಡಗಿದಳು. ಎರಡು ವರ್ಷ ಆ ದುಡ್ಡಿನಿಂದಲೇ ಹುಡುಗನ ಕಾಲೇಜಿನ ಫೀಸು ಕಟ್ಟಿದಳು.

ಮೂರನೆಯ ವರ್ಷ ಗಣೇಶನ ಹಬ್ಬಕ್ಕೆ ನಲವತ್ತು ಪೆಟ್ಟಿಗೆ ನಾನಖಟಾಯಿಯ ಆರ್ಡರು ಬಂತು. ಅದೇ ಹಿಟ್ಟು, ಅದೇ ತುಪ್ಪ, ಅದೇ ಕೈ. ಆದರೆ ಒಂದೇ ತಟ್ಟೆಯಲ್ಲಿ ಹಿಂದಿನ ಸಾಲು ಕಪ್ಪಾಯಿತು, ಮುಂದಿನ ಸಾಲು ಹಸಿಯಾಗಿ ಉಳಿಯಿತು. ಹಸಿ ಉಳಿದದ್ದಕ್ಕೆಂದು ಐದು ನಿಮಿಷ ಹೆಚ್ಚು ಇಟ್ಟರೆ ಹಿಂದಿನದು ಇದ್ದಿಲಾಯಿತು. ಹಗಲೂ ರಾತ್ರಿಯೂ ಒದ್ದಾಡಿ ಹೇಗೋ ನಲವತ್ತು ಪೆಟ್ಟಿಗೆ ತುಂಬಿಸಿದಳು. ಹಬ್ಬ ಕಳೆದ ಮೇಲೆ ಹದಿನೇಳು ಪೆಟ್ಟಿಗೆ ಹಿಂದಿರುಗಿ ಬಂದವು. ಅಂದು ನಾನು ಆಡಬಾರದ ಮಾತೊಂದನ್ನು ಆಡಿದೆ. "ನಿನ್ನ ಕೈಗುಣ ಕೆಟ್ಟಿದೆ. ಗಮನವಿಟ್ಟು ಮಾಡುತ್ತಿಲ್ಲ" ಎಂದೆ. ಅವಳು "ಓವನ್ನಿನಲ್ಲೇ ಏನೋ ಆಗಿದೆ, ಅಣ್ಣಾ" ಎಂದಾಗ, "ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂಬ ಗಾದೆಯನ್ನೂ ಹೇಳಿದೆ.

ಅವಳು ಮತ್ತೆ ಮಾತನಾಡಲಿಲ್ಲ. ಓವನ್ನಿನ ಮೇಲೆ ಒಂದು ಹಳೆಯ ಟವಲು ಹೊದಿಸಿದಳು. ಮೂರು ತಿಂಗಳು ಅದನ್ನು ಯಾರೂ ಮುಟ್ಟಲಿಲ್ಲ. ಒಂದು ರಾತ್ರಿ ಹುಡುಗ ಬಂದು, ಕಾಲೇಜು ಬಿಟ್ಟು ಮನೆಮನೆಗೆ ಸಾಮಾನು ತಲುಪಿಸುವ ಕೆಲಸಕ್ಕೆ ಸೇರುತ್ತೇನೆ ಎಂದ. ಆಗ ನನಗೆ ಎಚ್ಚರವಾಯಿತು. ನೆಲ ಡೊಂಕೋ ಅಲ್ಲವೋ ಎಂದು ಒಮ್ಮೆಯೂ ನೋಡದೆ ಗಾದೆ ಹೇಳಿದ್ದೆನಲ್ಲ! ಮರುದಿನ ಟವಲು ತೆಗೆದೆ. ಅಂದಿನಿಂದ ಕಲಿತದ್ದನ್ನೇ ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಈ ಪೆಟ್ಟಿಗೆ ಕೆಲಸ ಮಾಡುವ ಬಗೆ ತಿಳಿಯಬೇಕು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಓ.ಟಿ.ಜಿ. ಎಂದು ಕರೆಯುವ ಓವನ್. ತಗಡಿನ ಪೆಟ್ಟಿಗೆ, ಗಾಜಿನ ಬಾಗಿಲು, ಮೇಲೆ ಎರಡು ಕಂಬಿ, ಕೆಳಗೆ ಎರಡು ಕಂಬಿ. ಕಂಬಿ ಎಂದರೆ ಗಟ್ಟಿ ಸರಳಲ್ಲ. ಒಂದು ಉಕ್ಕಿನ ಕೊಳವೆ. ಒಳಗೆ ಸುರುಳಿ ಸುತ್ತಿದ ನೈಕ್ರೋಮ್ ತಂತಿ, ಅದರ ಸುತ್ತ ಒತ್ತಿ ತುಂಬಿದ ಮೆಗ್ನೀಸಿಯಮ್ ಆಕ್ಸೈಡಿನ ಬಿಳಿ ಪುಡಿ. ಈ ಪುಡಿ ಶಾಖವನ್ನು ಹೊರಗೆ ಬಿಡುತ್ತದೆ, ವಿದ್ಯುತ್ತನ್ನು ಬಿಡುವುದಿಲ್ಲ. ನಿಕ್ಕಲ್ ಮತ್ತು ಕ್ರೋಮಿಯಮ್ ಬೆರೆಸಿದ ಈ ಬಗೆಯ ಲೋಹಕ್ಕೆ ೧೯೦೬ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ಎಂಬವರು ಪೇಟೆಂಟ್ ಪಡೆದರು. ಕೆಂಪಗೆ ಕಾದರೂ ಬೇಗ ತುಕ್ಕು ಹಿಡಿದು ಉದುರದ ಇಂಥ ತಂತಿ ಸಿಕ್ಕಿದ್ದರಿಂದಲೇ ಇಸ್ತ್ರಿ ಪೆಟ್ಟಿಗೆ, ಹೀಟರು, ಓವನ್ ಎಲ್ಲ ಮನೆಮನೆಗೆ ಬರುವಂತಾಯಿತು.

ತಿನಿಸಿಗೆ ಶಾಖ ಮೂರು ದಾರಿಯಿಂದ ಬರುತ್ತದೆ. ಕೆಂಡದ ಮುಂದೆ ಕೈಯೊಡ್ಡಿದಾಗ ತಟ್ಟುವಂತೆ ಕಂಬಿಯಿಂದ ನೇರವಾಗಿ ಬರುವುದು ಒಂದು. ಒಳಗಿನ ಬಿಸಿಗಾಳಿಯಿಂದ ಬರುವುದು ಎರಡು. ಕಾದ ತಟ್ಟೆಯಿಂದ ತಳಕ್ಕೆ ಏರುವುದು ಮೂರು. ಈ ಮೂರರಲ್ಲಿ ಒಂದು ಏರುಪೇರಾದರೂ ತಿನಿಸಿನ ಬಣ್ಣ ಅದನ್ನು ಹೇಳಿಬಿಡುತ್ತದೆ.

ಉಷ್ಣತೆಯನ್ನು ಕಾಯುವವನು ಥರ್ಮೋಸ್ಟ್ಯಾಟ್. ಬಹಳ ಓವನ್ಗಳಲ್ಲಿ ಇದು ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಒಂದು ಪಟ್ಟಿ. ಕಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ ಹಿಗ್ಗುತ್ತದೆ. ಪಟ್ಟಿ ಬಾಗಿ ವಿದ್ಯುತ್ತು ಕಡಿಯುತ್ತದೆ. ತಣಿದಾಗ ನೆಟ್ಟಗಾಗಿ ಮತ್ತೆ ಕೂಡಿಸುತ್ತದೆ. "ಟಿಕ್" ಎಂಬ ಸದ್ದು ಅದರದೇ. ಆದರೆ ಒಂದು ಮಾತನ್ನು ನೆನಪಿಡಬೇಕು. ಈ ಕಾವಲುಗಾರ ಒಂದೇ ಮೂಲೆಯಲ್ಲಿ ಕುಳಿತಿರುತ್ತಾನೆ. ತನ್ನ ಮೂಲೆಯ ಸುದ್ದಿ ಮಾತ್ರ ಅವನಿಗೆ ಗೊತ್ತು. ನಾಲ್ಕು ಕಂಬಿಗಳಲ್ಲಿ ಒಂದು ಸತ್ತರೆ, ಅವನ ಮೂಲೆ ಕಾಯುವವರೆಗೆ ಉಳಿದ ಮೂರು ಹೆಚ್ಚು ಹೊತ್ತು ಉರಿಯುತ್ತವೆ. ಸತ್ತ ಕಂಬಿಯ ಕಡೆ ಹಸಿ, ಉಳಿದ ಕಂಬಿಗಳ ಕಡೆ ಕರಿ. ನಮ್ಮ ಮನೆಯಲ್ಲಿ ಆದದ್ದು ಇದೇ.

ಇನ್ನೊಂದು ಮಾತು. ಪ್ರಪಂಚದಲ್ಲಿ ಎಲ್ಲ ಕಡೆಗೂ ಸರಿಸಮನಾಗಿ ಕಾಯುವ ಓವನ್ ಇಲ್ಲ. ನಮ್ಮೂರುಗಳ ಅಯ್ಯಂಗಾರ್ ಬೇಕರಿಗಳ ಹಳೆಯ ಇಟ್ಟಿಗೆ ಒಲೆಯನ್ನು ಕಂಡವರಿಗೆ ನೆನಪಿರಬಹುದು. ಕಟ್ಟಿಗೆ ಉರಿಸಿ ದಪ್ಪ ಗೋಡೆಗೆ ಶಾಖ ತುಂಬಿಸುತ್ತಿದ್ದರು. ಆ ಗೋಡೆ ಗಂಟೆಗಟ್ಟಲೆ ಶಾಖವನ್ನು ನಿಧಾನವಾಗಿ ಹಿಂದಿರುಗಿಸುತ್ತಿತ್ತು. ಅಂಥ ಒಲೆಯಲ್ಲೂ ಹಿಂಭಾಗ ಹೆಚ್ಚು ಬಿಸಿ, ಬಾಯಿಯ ಕಡೆ ಕಡಿಮೆ. ಅದಕ್ಕೇ ಉದ್ದ ಹಿಡಿಯ ಮರದ ಹಲಗೆಯಿಂದ ಬ್ರೆಡ್ಡಿನ ಅಚ್ಚುಗಳನ್ನು ಹಿಂದೆ ಮುಂದೆ ಸರಿಸುತ್ತಿದ್ದರು. ನಮ್ಮ ಪೆಟ್ಟಿಗೆಯ ಗೋಡೆ ತೆಳು ತಗಡು. ಶಾಖ ಹಿಡಿದಿಡುವ ಶಕ್ತಿ ಅದಕ್ಕೆ ಸ್ವಲ್ಪವೇ. ಕಂಬಿಗೂ ತಿನಿಸಿಗೂ ನಡುವೆ ಅಂತರವೂ ಕಡಿಮೆ. ಆದ್ದರಿಂದ ಸ್ವಲ್ಪ ಏರುಪೇರು ಸಹಜ, ದೋಷವಲ್ಲ. ನಿನ್ನೆ ಇಲ್ಲದ ಏರುಪೇರು ಇಂದು ಬಂದರೆ, ಅಥವಾ ಒಂದೇ ತಟ್ಟೆಯಲ್ಲಿ ಹಸಿಯೂ ಕರಿಯೂ ಕೂಡಿ ಬಂದರೆ, ಅದು ದೋಷ.

ಈಗ ಪರೀಕ್ಷೆಯ ಕ್ರಮ. ಖರ್ಚಿಲ್ಲದ್ದು ಮೊದಲು, ಖರ್ಚಿನದು ಕೊನೆಗೆ. ನಾನು ಈ ಕ್ರಮ ತಿಳಿಯದೆ ಮೊದಲೇ ರಿಪೇರಿಯವನನ್ನು ಕರೆದೆ. ಆತ ಓವನ್ನನ್ನು ಹಚ್ಚಿಯೂ ನೋಡದೆ ಥರ್ಮೋಸ್ಟ್ಯಾಟ್ ಹೋಗಿದೆ ಎಂದು ಬೇರೆಯದು ಹಾಕಿ ಒಂಬೈನೂರು ರೂಪಾಯಿ ತೆಗೆದುಕೊಂಡು ಹೋದ. ಬಿಸ್ಕತ್ತು ಮೊದಲಿನಂತೆಯೇ ಕರಿಯಾಯಿತು.

ಒಂದನೆಯದಾಗಿ, ಪ್ಲಗ್ಗು ಮತ್ತು ಸಾಕೆಟ್ಟು. ನಮ್ಮ ಓವನ್ ೧೬೦೦ ವಾಟಿನದು. ೨೩೦ ವೋಲ್ಟಿನಲ್ಲಿ ಅದು ಸುಮಾರು ೭ ಆಂಪಿಯರ್ ಎಳೆಯುತ್ತದೆ. ದೀಪ, ಫ್ಯಾನುಗಳಿಗಿರುವ ಸಣ್ಣ ಸಾಕೆಟ್ಟು ೬ ಆಂಪಿಯರಿನದು. ದೊಡ್ಡ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಹೊಂದಿಸುವ ಒಂದು ತುಂಡು ಅಂಗಡಿಯಲ್ಲಿ ಸಿಗುತ್ತದೆ. ಬಾಡಿಗೆ ಮನೆಗಳಲ್ಲಿ ಬಹಳ ಮಂದಿ ಅದನ್ನೇ ನಂಬಿದ್ದಾರೆ. ನಾನೂ ನಂಬಿದ್ದೆ. ತೆಗೆದು ನೋಡಿದರೆ ಒಂದು ಪಕ್ಕ ಕಂದು ಬಣ್ಣಕ್ಕೆ ತಿರುಗಿ ಕರಗತೊಡಗಿತ್ತು. ಇನ್ನೊಂದು ಹಬ್ಬದ ಆರ್ಡರು ಬಂದಿದ್ದರೆ ಮನೆಗೇ ಬೆಂಕಿ ಬೀಳುತ್ತಿತ್ತೇನೋ! ಓವನ್ನಿಗೆ ೧೬ ಆಂಪಿಯರಿನ ಸಾಕೆಟ್ಟೇ ಬೇಕು, ಭೂಸಂಪರ್ಕವಿರುವ ಮೂರು ಕಡ್ಡಿಯ ಪ್ಲಗ್ಗೇ ಬೇಕು, ನಡುವೆ ಉದ್ದನೆಯ ಎಕ್ಸ್‌ಟೆನ್ಶನ್ ತಂತಿ ಇರಕೂಡದು.

ವೋಲ್ಟೇಜು ಇಳಿದರೂ ಶಾಖ ಇಳಿಯುತ್ತದೆ, ಅದೂ ನಾವು ಎಣಿಸಿದ್ದಕ್ಕಿಂತ ಹೆಚ್ಚಾಗಿ. ೨೩೦ ಇರಬೇಕಾದ ಕಡೆ ೨೦೦ ವೋಲ್ಟು ಬಂದರೆ ೧೬೦೦ ವಾಟಿನ ಓವನ್ ಸುಮಾರು ೧೨೧೦ ವಾಟಿನಷ್ಟೇ ಕಾಯುತ್ತದೆ. ಸಂಜೆಯ ಹೊತ್ತು ದೀಪ ಮಂಕಾಗುವ ಮನೆಯಲ್ಲಿ ಮಧ್ಯಾಹ್ನ ಚೆನ್ನಾಗಿ ಬಂದ ಕೇಕು ಸಂಜೆ ಕೆಡುವುದು ಇದರಿಂದ. ಆದರೆ ಆಗ ಇಡೀ ಕೇಕು ನಿಧಾನವಾಗುತ್ತದೆ. ಒಂದು ಪಕ್ಕ ಮಾತ್ರವಲ್ಲ. ಈ ವ್ಯತ್ಯಾಸವನ್ನು ಗಮನಿಸಬೇಕು.

ಎರಡನೆಯದಾಗಿ, ಓವನ್ ನಿಂತಿರುವ ಜಾಗ. ಗಾದೆಯಲ್ಲಿ ಹೇಳಿದಂತೆ ನೆಲವೇ ಡೊಂಕಾಗಿರಬಹುದು. ತಣ್ಣಗಿರುವ ಓವನ್ನಿನ ಜಾಲರಿಯ ಮೇಲೆ ಚಪ್ಪಟೆ ತಳದ ತಟ್ಟೆಯಿಟ್ಟು ಸ್ವಲ್ಪ ನೀರು ಹಾಕಿ. ನೀರು ಒಂದು ಕಡೆ ಸರಿದರೆ ಕೇಕಿನ ಹಿಟ್ಟೂ ಸರಿಯುತ್ತದೆ. ಇದಕ್ಕೆ ಗುರುತು ಇದೆ. ಕೇಕು ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳ್ಳಗಿದ್ದು, ಬಣ್ಣ ಮಾತ್ರ ಹೆಚ್ಚುಕಡಿಮೆ ಒಂದೇ ಇದ್ದರೆ ದೋಷ ನೆಲದ್ದು. ಬಣ್ಣದಲ್ಲೇ ಭೇದವಿದ್ದರೆ ದೋಷ ಶಾಖದ್ದು. ನೆಲದ ದೋಷಕ್ಕೆ ಕಾಲಿನ ಕೆಳಗೆ ಸುಡದ ಗಟ್ಟಿ ಬಿಲ್ಲೆ ಕೊಟ್ಟರೆ ಸಾಕು. ಕಾಗದ ಮಡಿಸಿ ಇಡಬೇಡಿ. ಗೋಡೆಗೂ ಓವನ್ನಿಗೂ ನಡುವೆ ಅಂಗೈ ಅಗಲದಷ್ಟಾದರೂ ಜಾಗವಿರಲಿ. ಕಿಟಕಿಯ ಪರದೆ ಹಾರಿಬಂದು ತಾಗದಿರಲಿ.

ಮೂರನೆಯದಾಗಿ, ನಮ್ಮದೇ ಅಭ್ಯಾಸಗಳು. ಹೆಚ್ಚು ಮನೆಗಳ ದೋಷ ಇಲ್ಲೇ ತೀರಿಹೋಗುತ್ತದೆ. ದೀಪ ಆರಿತು, ಓವನ್ ಕಾಯಿತು ಎಂದು ತಟ್ಟೆ ಇಟ್ಟುಬಿಡುತ್ತೇವೆ. ಆಗ ಕಾದಿರುವುದು ಗಾಳಿ ಮಾತ್ರ. ಗೋಡೆ, ಜಾಲರಿ ಇನ್ನೂ ಕಾದಿರುವುದಿಲ್ಲ. ಬಾಗಿಲು ತೆರೆದೊಡನೆ ಆ ಗಾಳಿ ಹೊರಗೆ ಹೋಗುತ್ತದೆ. ದೀಪ ಆರಿದ ಮೇಲೂ ಹತ್ತು ನಿಮಿಷ ಕಾಯಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ತಟ್ಟೆಗೂ ಸಲ್ಲುತ್ತದೆ. ಒಂದೇ ಸಲಕ್ಕೆ ಹೆಚ್ಚು ಬಿಸ್ಕತ್ತು ಆಗಲೆಂದು ಗೋಡೆಯಿಂದ ಗೋಡೆಗೆ ತಾಗುವ ತಟ್ಟೆ ಇಟ್ಟರೆ ಕೆಳಗಿನ ಬಿಸಿಗಾಳಿ ಮೇಲೇರಲು ದಾರಿಯಿಲ್ಲ. ತಳ ಕರಿಯಾಗುತ್ತದೆ, ಮೇಲ್ಭಾಗ ಬೇಯುವುದು ತಡವಾಗುತ್ತದೆ. ನಾಲ್ಕು ಪಕ್ಕಕ್ಕೂ ಎರಡು ಬೆರಳು ಜಾಗ ಬಿಡಿ. ಕಪ್ಪು ತಟ್ಟೆ ಶಾಖವನ್ನು ಹೆಚ್ಚು ಹೀರಿಕೊಳ್ಳುತ್ತದೆ, ಹೊಳೆಯುವ ಅಲ್ಯೂಮಿನಿಯಮ್ ತಟ್ಟೆ ಹಿಂದಕ್ಕೆ ಎಸೆಯುತ್ತದೆ. ತಳ ಬೇಗ ಸೀಯುವವರು ಮೊದಲು ತಟ್ಟೆ ಬದಲಿಸಿ ನೋಡಲಿ. ಸ್ವಚ್ಛವಾಗಿರಲೆಂದು ಕೆಳಗಿನ ಕಂಬಿಗಳ ಬಳಿ ಅಲ್ಯೂಮಿನಿಯಮ್ ಹಾಳೆ ಹಾಸುವ ರೂಢಿಯೂ ಇದೆ. ಅದು ಶಾಖದ ದಾರಿಯನ್ನೇ ಕೆಡಿಸುತ್ತದೆ, ಕಂಬಿಗೂ ಒಳ್ಳೆಯದಲ್ಲ.

ಇಷ್ಟಾದ ಮೇಲೂ ಏರುಪೇರು ಉಳಿದರೆ ನಾಲ್ಕನೆಯದು, ಬ್ರೆಡ್ಡಿನ ಪರೀಕ್ಷೆ. ಓವನ್ನನ್ನು ೧೮೦ ಡಿಗ್ರಿಗೆ ಚೆನ್ನಾಗಿ ಕಾಯಿಸಿ. ನಡುವಿನ ಜಾಲರಿಯ ಮೇಲೆ ತಟ್ಟೆಯಿಲ್ಲದೆ, ಬೆರಳಗಲ ಜಾಗ ಬಿಟ್ಟು ಬಿಳಿ ಬ್ರೆಡ್ಡಿನ ಹೋಳುಗಳನ್ನು ಸಾಲಾಗಿ ಇಡಿ. ಗಾಜಿನಲ್ಲಿ ನೋಡುತ್ತಿದ್ದು, ಒಂದೆರಡು ಹೋಳು ಚೆನ್ನಾಗಿ ಕೆಂಪಾದೊಡನೆ ಎಲ್ಲವನ್ನೂ ಇಟ್ಟ ಕ್ರಮದಲ್ಲೇ ಹೊರಗೆ ತೆಗೆಯಿರಿ. ಮೇಲ್ಮೈ ನೋಡಿ, ತಿರುಗಿಸಿ ತಳವನ್ನೂ ನೋಡಿ. ಕಾಗದದ ಮೇಲೆ ಚೌಕ ಬರೆದು ಎಲ್ಲಿ ಕಪ್ಪು, ಎಲ್ಲಿ ಕೆಂಪು, ಎಲ್ಲಿ ಬಿಳುಪು ಎಂದು ಗುರುತು ಮಾಡಿ. ಅದೇ ನಿಮ್ಮ ಓವನ್ನಿನ ನಕಾಶೆ. ನಮ್ಮ ಮನೆಯ ನಕಾಶೆಯಲ್ಲಿ ಹಿಂದಿನ ಬಲಮೂಲೆ ಕಪ್ಪು. ಮುಂದಿನ ಸಾಲಿನ ತಳ ಪೂರಾ ಬಿಳುಪು. ಮುಂದಿನ ಎಡಮೂಲೆಯಂತೂ ಅಂಗಡಿಯಿಂದ ತಂದ ಹಾಗೆಯೇ ಇತ್ತು. ಕಾಗದ ನೋಡಿ ನನ್ನ ತಂಗಿ ಏನೂ ಹೇಳಲಿಲ್ಲ. ಹೋಳುಗಳನ್ನು ಒಳಗೆ ಕೊಂಡುಹೋಗಿ ಬ್ರೆಡ್ಡಿನ ಉಪ್ಪಿಟ್ಟು ಮಾಡಿದಳು. ಹಾಗಾಗಿ ಈ ಪರೀಕ್ಷೆಗೆ ದಂಡವೂ ಇಲ್ಲ.

ಐದನೆಯದು, ಕತ್ತಲೆಯ ಪರೀಕ್ಷೆ. ರಾತ್ರಿ ದೀಪ ಆರಿಸಿ, ಖಾಲಿ ಓವನ್ನನ್ನು ಮೇಲೆ ಕೆಳಗೆ ಎರಡೂ ಕಾಯುವಂತೆ ತಿರುಗಿಸಿ, ಉಷ್ಣತೆಯನ್ನು ಪೂರ್ತಿ ಏರಿಸಿ, ಬಾಗಿಲು ಮುಚ್ಚಿಯೇ ಗಾಜಿನಿಂದ ನೋಡಿ. ನಾಲ್ಕೈದು ನಿಮಿಷದಲ್ಲಿ ಕಂಬಿಗಳು ಮಂದವಾಗಿ ಕೆಂಪೇರುತ್ತವೆ. ಎರಡು ತುದಿಗಳು ಕಪ್ಪಾಗಿ ಉಳಿಯುವುದು ಸಹಜ. ಆದರೆ ಇಡೀ ಕಂಬಿಯೇ ಕಪ್ಪಾಗಿದ್ದರೆ ಒಳಗಿನ ತಂತಿ ತುಂಡಾಗಿರಬಹುದು, ಇಲ್ಲವೇ ಅದಕ್ಕೆ ವಿದ್ಯುತ್ತು ತಲುಪುತ್ತಿಲ್ಲ. ಕೆಲವು ಓವನ್ಗಳಲ್ಲಿ ಎರಡು ಕಂಬಿಗಳನ್ನು ಒಂದರ ಬಾಲಕ್ಕೆ ಒಂದನ್ನು ಕಟ್ಟಿರುತ್ತಾರೆ. ಅಲ್ಲಿ ಒಂದು ಹೋದರೆ ಎರಡೂ ಕಪ್ಪಾಗುತ್ತವೆ. ಒಂದೇ ಜಾಗದಲ್ಲಿ ಕಣ್ಣು ಕುಕ್ಕುವ ಚುಕ್ಕೆ ಕಂಡರೆ ಆ ಕಂಬಿ ಸಾಯುವ ಹಂತದಲ್ಲಿದೆ, ತಕ್ಷಣ ನಿಲ್ಲಿಸಿ. ಕಂಬಿಗಳು ತಟ್ಟೆಯ ಕೆಳಗೆ ಮರೆಯಾಗಿರುವ ಓವನ್ಗಳಲ್ಲಿ ಈ ಪರೀಕ್ಷೆ ನಡೆಯದು. ಅಲ್ಲಿ ಬ್ರೆಡ್ಡಿನ ತಳವೇ ಸಾಕ್ಷಿ.

ನಮ್ಮ ಓವನ್ನಿನಲ್ಲಿ ಮೂರು ಕಂಬಿ ಕೆಂಪಾದವು. ಕೆಳಗಿನ ಎರಡರಲ್ಲಿ ಮುಂದಿನದು ಕಪ್ಪಾಗಿಯೇ ಇತ್ತು. ಕತ್ತಲೆಯಲ್ಲಿ ಹುಡುಗ ಮೆಲ್ಲಗೆ "ಮಾವಾ, ಅಮ್ಮನ ತಪ್ಪಲ್ಲ" ಎಂದ. ದೀಪ ಹಚ್ಚಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಆರನೆಯದು, ಬಾಗಿಲು. ಓವನ್ ಪೂರ್ತಿ ತಣಿದ ಮೇಲೆ, ಪ್ಲಗ್ಗು ತೆಗೆದು, ಒಳಗೆ ಒಂದು ಸಣ್ಣ ಟಾರ್ಚು ಹಚ್ಚಿಟ್ಟು ಬಾಗಿಲು ಮುಚ್ಚಿ ಕೋಣೆಯನ್ನು ಕತ್ತಲೆ ಮಾಡಿ. ಬಾಗಿಲಿನ ಅಂಚಿನಲ್ಲಿ ಬೆಳಕಿನ ಗೆರೆ ಎಲ್ಲ ಕಡೆ ಒಂದೇ ಸಮನಾಗಿದ್ದರೆ ಚಿಂತೆಯಿಲ್ಲ. ಆವಿ ಹೋಗಲೆಂದು ಕೆಲವು ಕಡೆ ಸಂದು ಬಿಟ್ಟಿರುತ್ತಾರೆ. ಒಂದು ಪಕ್ಕ ಗೆರೆ ಸಣ್ಣದು, ಇನ್ನೊಂದು ಪಕ್ಕ ಅಗಲವಾದರೆ ಕೀಲು ಬಾಗಿದೆ ಅಥವಾ ಸ್ಪ್ರಿಂಗು ಸಡಿಲವಾಗಿದೆ. ನಮ್ಮದರಲ್ಲಿ ಎಡಪಕ್ಕ ಅಗಲವಾಗಿತ್ತು. ತೆರೆದ ಬಾಗಿಲಿನ ಮೇಲೆ ಭಾರವಾದ ತಟ್ಟೆ ಇಡುವ ಅಭ್ಯಾಸದಿಂದ ಎಡಗೀಲು ಬಾಗಿತ್ತು. ಮುಂದಿನ ಎಡಮೂಲೆ ಮಾತ್ರ ಏಕೆ ಅಷ್ಟು ಹಸಿ ಎಂಬ ಒಗಟು ಇಲ್ಲಿ ಬಿಡಿಸಿತು: ಕೆಳಗೆ ಕಂಬಿಯೂ ಇಲ್ಲ, ಪಕ್ಕದಲ್ಲಿ ಬಾಗಿಲೂ ಇಲ್ಲ. ಸಂದು ಕಂಡಿತೆಂದು ಅಂಟು ಬಳಿದೋ ರಬ್ಬರು ತುರುಕಿಯೋ ಮುಚ್ಚಬೇಡಿ. ಅದು ಕರಗಿ ಹೊಗೆಯಾಡುತ್ತದೆ. ಕೀಲನ್ನು ಸರಿಮಾಡಿಸುವುದೇ ದಾರಿ.

ಏಳನೆಯದು, ಥರ್ಮೋಸ್ಟ್ಯಾಟ್. ಗುಂಡಿಯ ಮೇಲೆ ೧೮೦ ಎಂದು ಬರೆದಿದ್ದರೆ ಒಳಗೆ ೧೮೦ ಇದೆ ಎಂದು ನಂಬುವ ಹಾಗಿಲ್ಲ. ಇಪ್ಪತ್ತು ಡಿಗ್ರಿ ಅತ್ತಿತ್ತ ಇರುವುದು ಸಾಮಾನ್ಯ. ಓವನ್ನಿನೊಳಗೆ ಇಡುವ ಸಣ್ಣ ಥರ್ಮಾಮೀಟರು ಸಿಗುತ್ತದೆ. ನಡುವಿನ ಜಾಲರಿಯ ನಡುವೆ ಇಟ್ಟು, ಇಪ್ಪತ್ತು ನಿಮಿಷ ಕಾದ ಮೇಲೆ, ದೀಪ ಹತ್ತಿ ಆರುವ ಮೂರು ನಾಲ್ಕು ಸುತ್ತುಗಳನ್ನು ಗಾಜಿನಿಂದಲೇ ನೋಡಿ ಗರಿಷ್ಠ, ಕನಿಷ್ಠ ಬರೆದುಕೊಳ್ಳಿ. ಗರಿಷ್ಠ ೨೦೦, ಕನಿಷ್ಠ ೧೬೪ ಎಂದರೆ ಸರಾಸರಿ ೧೮೨. ಯಂತ್ರ ಸರಿಯಾಗಿದೆ, ಏರಿಳಿತ ಅದರ ಸ್ವಭಾವ. ಸರಾಸರಿಯೇ ೧೫೦ ಬಂದರೆ ಗುಂಡಿ ಸುಳ್ಳು ಹೇಳುತ್ತಿದೆ. ಅದಕ್ಕೂ ರಿಪೇರಿಯೇ ಬೇಕೆಂದಿಲ್ಲ. ಎಷ್ಟು ಸುಳ್ಳೆಂದು ತಿಳಿದರೆ ಅಷ್ಟು ಹೆಚ್ಚು ತಿರುಗಿಸಿಟ್ಟರಾಯಿತು.

ಥರ್ಮಾಮೀಟರು ಇಲ್ಲದವರಿಗೆ ಸಕ್ಕರೆಯ ಪರೀಕ್ಷೆ ಇದೆ. ಸಕ್ಕರೆ ಕರಗುವುದು ಸುಮಾರು ೧೮೬ ಡಿಗ್ರಿಯಲ್ಲಿ. ಒಂದು ಚಮಚ ಸಕ್ಕರೆಯನ್ನು ಅಲ್ಯೂಮಿನಿಯಮ್ ಹಾಳೆಯ ಬಟ್ಟಲಿನಲ್ಲಿಟ್ಟು, ಚೆನ್ನಾಗಿ ಕಾದ ಓವನ್ನಿನಲ್ಲಿ ಗುಂಡಿಯನ್ನು ೧೭೫ಕ್ಕೆ ಇಟ್ಟು ಕಾಲು ಗಂಟೆ ಬಿಡಿ: ಕರಗಬಾರದು. ಬೇರೆ ಸಕ್ಕರೆಯಿಟ್ಟು ೧೯೦ಕ್ಕೆ ತಿರುಗಿಸಿ ಮತ್ತೆ ಕಾಲು ಗಂಟೆ: ಕರಗಬೇಕು. ೧೭೫ರಲ್ಲೇ ಕರಗಿದರೆ ಓವನ್ ಹೇಳಿದ್ದಕ್ಕಿಂತ ಬಿಸಿ. ೧೯೦ರಲ್ಲೂ ಕರಗದಿದ್ದರೆ ತಂಪು. ಬೇರೆ ಬೇರೆ ಮೂಲೆಗಳಲ್ಲಿ ಒಂದೊಂದು ಬಟ್ಟಲಿಟ್ಟರೆ ಮೂಲೆಗಳ ಭೇದವೂ ತಿಳಿಯುತ್ತದೆ. ಕರಗಿದ ಸಕ್ಕರೆ ಕೈಗೆ ಅಂಟಿ ಸುಡುತ್ತದೆ, ಮಕ್ಕಳನ್ನು ದೂರವಿಡಿ.

ಒಳಗೆ ಗಾಳಿ ತಿರುಗಿಸುವ ಫ್ಯಾನು ಇರುವ ಓವನ್ ಆದರೆ, ಅದು ತಿರುಗುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿ. ಫ್ಯಾನು ನಿಂತರೆ ಆ ಓವನ್ನೂ ನಮ್ಮ ಸಾಮಾನ್ಯ ಪೆಟ್ಟಿಗೆಯಂತೆಯೇ.

ಈಗ ಕೈಹಾಕಬಾರದ ಕೆಲಸಗಳು. ನಮ್ಮವರಲ್ಲಿ ಸ್ಕ್ರೂಡ್ರೈವರು ಇದ್ದವರೆಲ್ಲ ಮೆಕ್ಯಾನಿಕ್ಕುಗಳು. ಓವನ್ನಿನ ಹಿಂಬದಿಯ ತಗಡು ಬಿಚ್ಚಿ ಕಂಬಿ ಬದಲಿಸುವುದು ತಿಳಿದವರ ಕೆಲಸ. ಅವರ ಬಳಿ ಇರುವ ಮೀಟರು ಒಂದು ನಿಮಿಷದಲ್ಲಿ ಸತ್ಯ ಹೇಳುತ್ತದೆ: ೪೦೦ ವಾಟಿನ ಜೀವಂತ ಕಂಬಿ ಸುಮಾರು ೧೩೨ ಓಮ್ ತೋರಿಸಬೇಕು, ತುಂಡಾದ ಕಂಬಿಯಲ್ಲಿ ಸಂಪರ್ಕವೇ ಇರುವುದಿಲ್ಲ. "ಅಳತೆ ಮಾಡಿ ತೋರಿಸಿ, ಆಮೇಲೆ ಬದಲಿಸಿ" ಎಂದು ಕೇಳುವುದು ನಮ್ಮ ಹಕ್ಕು. ಹೊಸ ಕಂಬಿ ಹಳೆಯದರ ಉದ್ದದ್ದೇ, ಹಳೆಯದರ ವಾಟಿನದೇ ಆಗಿರಬೇಕು. ೪೦೦ರ ಜಾಗಕ್ಕೆ ೬೦೦ರ ಕಂಬಿ ಹಾಕಿದರೆ ಏರುಪೇರು ದಿಕ್ಕು ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ.

ಮುಟ್ಟಿದರೆ ಜುಮ್ಮೆನ್ನುವ ಓವನ್ನನ್ನು ಮತ್ತೆ ಹಚ್ಚಲೇಬಾರದು. ಮುಂಬಯಿಯ ಮಳೆಗಾಲ ತಮಗೆ ಗೊತ್ತೇ ಇದೆ. ತಿಂಗಳುಗಟ್ಟಲೆ ಹಚ್ಚದ ಓವನ್ನಿನಲ್ಲಿ, ಕಂಬಿಯೊಳಗಿನ ಬಿಳಿ ಪುಡಿ ತೇವ ಹೀರಿ ವಿದ್ಯುತ್ತು ಸೋರುವುದುಂಟು. ಆಗ ಸೋರಿಕೆ ಕಡಿಯುವ ಸ್ವಿಚ್ಚು ತಾನಾಗಿ ಬೀಳುತ್ತದೆ. ಅದನ್ನು ಕಿರಿಕಿರಿ ಎಂದು ತೆಗೆಸಿಹಾಕಬೇಡಿ; ಅದು ಪ್ರಾಣ ಉಳಿಸುವ ಕಿರಿಕಿರಿ. ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಮೈಕ್ರೋವೇವ್ ಪೆಟ್ಟಿಗೆಯ ಹೊದಿಕೆಯನ್ನಂತೂ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ಗು ತೆಗೆದ ಮೇಲೂ ಅದರೊಳಗೆ ಪ್ರಾಣಾಂತಕವಾದ ವಿದ್ಯುತ್ತು ಉಳಿದಿರುತ್ತದೆ.

ಇನ್ನು, ರಿಪೇರಿಗೆ ಕೈಯಲ್ಲಿ ದುಡ್ಡಿಲ್ಲದ ತಿಂಗಳು ಏನು ಮಾಡಬೇಕು? ನಾವೆಲ್ಲ ಅಂಥ ತಿಂಗಳುಗಳನ್ನು ಕಂಡವರೇ. ಕಂಬಿಗಳೆಲ್ಲ ಉರಿಯುತ್ತಿದ್ದು ಏರುಪೇರು ಸ್ವಲ್ಪ ಮಾತ್ರವಿದ್ದರೆ ಉಪಾಯಗಳಿವೆ. ಬಿಸ್ಕತ್ತಿನ ತಟ್ಟೆಯನ್ನು ಅರ್ಧ ಹೊತ್ತಿಗೆ ಹಿಂದುಮುಂದಾಗಿ ತಿರುಗಿಸಿ. ಕೇಕನ್ನು ಮಾತ್ರ ಅಷ್ಟು ಬೇಗ ಅಲುಗಿಸಬೇಡಿ, ಕುಸಿಯುತ್ತದೆ. ಮುಕ್ಕಾಲು ಹೊತ್ತು ಕಳೆದು ಮೇಲ್ಮೈ ಗಟ್ಟಿಯಾದ ಮೇಲೆ ತಿರುಗಿಸಿ. ಮೇಲ್ಭಾಗ ಬೇಗ ಕೆಂಪಾದರೆ ಜಾಲರಿಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ. ಹೊಳಪು ಲೇಪವಿಲ್ಲದ, ಬಣ್ಣ ಹಚ್ಚದ, ಪೂರ್ತಿ ಒಣಗಿದ ಮಣ್ಣಿನ ಹಂಚೊಂದನ್ನು ಕೆಳಗಿನ ಜಾಲರಿಯ ಮೇಲೆ ಸುತ್ತಲೂ ಜಾಗ ಬಿಟ್ಟು ಇಟ್ಟರೆ, ಬೇಕರಿಯ ಇಟ್ಟಿಗೆ ಮಾಡುವ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಅದೂ ಮಾಡುತ್ತದೆ; ಕಾಯಿಸುವ ಹೊತ್ತು ಮಾತ್ರ ಹೆಚ್ಚು ಬೇಕು. ಒಂದೇ ಸಲಕ್ಕೆ ಕಡಿಮೆ ಬೇಯಿಸಿ. ಇಪ್ಪತ್ತನಾಲ್ಕು ಬಿಸ್ಕತ್ತು ಇಟ್ಟು ಎಂಟು ಕೆಡಿಸುವುದಕ್ಕಿಂತ ಹದಿನಾರನ್ನೇ ಇಟ್ಟು ಹದಿನಾರನ್ನೂ ಮಾರುವುದು ಮೇಲು. ಇದು ಗುಮಾಸ್ತನ ಲೆಕ್ಕ, ತಪ್ಪಿರಲಾರದು.

ನಮ್ಮ ಕಥೆ ಹೀಗೆ ಮುಗಿಯಿತು. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಮೀಟರು ಹಿಡಿದು ನೋಡಿ ಕಂಬಿ ಬದಲಿಸಿದರು, ಕೀಲು ನೆಟ್ಟಗೆ ಮಾಡಿದರು. ಒಟ್ಟು ಖರ್ಚು ಮೊದಲು ಕಳೆದ ಒಂಬೈನೂರರ ಮುಕ್ಕಾಲೂ ಆಗಲಿಲ್ಲ. ಮನೆಯ ಮಾಲೀಕರ ಒಪ್ಪಿಗೆ ಪಡೆದು ೧೬ ಆಂಪಿಯರಿನ ಸಾಕೆಟ್ಟು ಹಾಕಿಸಿದೆವು. ಅದಕ್ಕೆ ಬೇರೆ ದುಡ್ಡಾಯಿತು, ಆದರೆ ಅದರ ಲೆಕ್ಕವನ್ನು ನಾನು ಬರೆದಿಟ್ಟಿಲ್ಲ. ಮತ್ತೆ ಬ್ರೆಡ್ಡಿನ ಪರೀಕ್ಷೆ ಮಾಡಿದೆವು. ಹಿಂದಿನ ಬಲಮೂಲೆ ಇನ್ನೂ ಒಂದು ಛಾಯೆ ಹೆಚ್ಚು. ಅದು ಅದರ ಹುಟ್ಟುಗುಣ. ಆ ಮೂಲೆಯಲ್ಲಿ ಬಿಸ್ಕತ್ತು ಇಡುವುದಿಲ್ಲ, ಅಷ್ಟೆ.

ಹಳೆಯ ಗಿರಾಕಿಗಳೆಲ್ಲ ಹಿಂದಿರುಗಿದರು ಎಂದು ಹೇಳಿದರೆ ಸುಳ್ಳಾದೀತು. ಅರ್ಧದಷ್ಟು ಮಂದಿ ಬಂದರು. ಹುಡುಗ ಕಾಲೇಜು ಬಿಡಲಿಲ್ಲ. ಈಗ ಕೊನೆಯ ವರ್ಷದಲ್ಲಿದ್ದಾನೆ. ನಾನು ತಂಗಿಯ ಬಳಿ ಕ್ಷಮೆ ಕೇಳಿದೆ. ಅವಳು ನಕ್ಕು, "ಅಣ್ಣಾ, ಓವನ್ನಿಗೆ ಮಾಡಿದಷ್ಟು ಪರೀಕ್ಷೆಯನ್ನು ನನ್ನ ಮೇಲೆ ತೀರ್ಪು ಹೇಳುವುದಕ್ಕೆ ಮುಂಚೆ ಮಾಡಿದ್ದರೆ ಸಾಕಾಗಿತ್ತು" ಎಂದಳು. ಆ ಮಾತಿಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ಊರು ಬಿಟ್ಟು ಬಂದು ಒಂದೂವರೆ ಕೋಣೆಯಲ್ಲಿ ಬಾಳುವ ನಮ್ಮ ಮನೆಗಳಲ್ಲಿ, ಕೆಟ್ಟದ್ದೆಲ್ಲಕ್ಕೂ ಮೊದಲು ಸಿಗುವ ಹೊಣೆಗಾರ ಮನೆಯ ಹೆಂಗಸು. ಅನ್ನ ಸೀದರೆ ಅವಳು, ಹಾಲು ಒಡೆದರೆ ಅವಳು, ಓವನ್ ಕೆಟ್ಟರೂ ಅವಳು. ಗಾದೆ ಹೇಳುವ ಮುಂಚೆ ನೆಲವನ್ನು ಒಮ್ಮೆ ಅಳೆಯೋಣ ಎಂಬುದಷ್ಟೇ ನನ್ನ ಅರಿಕೆ.

ಕೊನೆಯದಾಗಿ ಒಂದು ಸಣ್ಣ ಸಂಗತಿ. ನಮ್ಮ ಮನೆಯ ಓವನ್ ಥರ್ಮಾಮೀಟರನ್ನು ಇಂದು ಈ ವಾಚನಾಲಯಕ್ಕೆ ಒಪ್ಪಿಸುತ್ತಿದ್ದೇನೆ. ಅದು ವರ್ಷಕ್ಕೆ ಒಂದೆರಡು ಸಲ ಬೇಕಾಗುವ ವಸ್ತು, ಪ್ರತಿಯೊಬ್ಬರೂ ಕೊಳ್ಳಬೇಕಾಗಿಲ್ಲ. ಪುಸ್ತಕ ಪಡೆಯುವಂತೆಯೇ ರಿಜಿಸ್ಟರಿನಲ್ಲಿ ಸಹಿ ಮಾಡಿ ಒಂದು ವಾರಕ್ಕೆ ಕೊಂಡೊಯ್ಯಬಹುದು. ಹಿಂದಿರುಗಿಸುವಾಗ ನಿಮ್ಮ ಓವನ್ನಿನ ನಕಾಶೆಯ ಒಂದು ಪ್ರತಿಯನ್ನೂ ಇಟ್ಟು ಹೋದರೆ ಮುಂದಿನವರಿಗೆ ಅನುಕೂಲ.

ಇಂದಿನ ಚಹದ ಜೊತೆ ಕೊಟ್ಟ ನಾನಖಟಾಯಿ ಆ ಓವನ್ನಿನದೇ. ತಿರುಗಿಸಿ ತಳ ನೋಡಿ ತಿನ್ನಬೇಕೆಂದು ಕೋರುತ್ತೇನೆ.